ಊದಿನಕಡ್ಡಿ ಆಚಾರ್ರು

ಮನೆಯವರು ಇಟ್ಟ ಹೆಸರು ಶ್ರೀನಿವಾಸ. ಮಾನ್ವಿಯ ನಮ್ಮ ಓಣಿಯಲ್ಲಿ ನಾನು ಸೀನಾಚಾರ್. ಸಿನಿಮಾ ಮಂದಿಯ ನಡುವೆ ಮಾತ್ರ ‘ಊದಿನಕಡ್ಡಿ ಆಚಾರ್ರು’. ಒಮ್ಮೆ ಹೈದರಾಬಾದಿನಿಂದ ಬಂದ ಅಸಿಸ್ಟೆಂಟ್ ಡೈರೆಕ್ಟರ್ ಒಬ್ಬ ರಾಯಚೂರು ಸ್ಟೇಷನ್ನಿನಲ್ಲಿ ಇಳಿದು, ಊದಿನಕಡ್ಡಿ ಆಚಾರ್ರ ಮನೆಗೆ ಬಿಡಿ ಎಂದು ಆಟೋದವನಿಗೆ ಹೇಳಿದನಂತೆ. ಆಟೋದವ ಸ್ವಲ್ಪ ಯೋಚಿಸಿ ಅವನನ್ನು ಪೂಜಾ ಸಾಮಾನಿನ ಅಂಗಡಿಯ ಮುಂದೆ ಇಳಿಸಿ ಹೋದ. ಬಂದೂಕಿನ ವಿಚಾರ ಮಾತಾಡಲು ಬಂದವನು ಕರ್ಪೂರದ ಡಬ್ಬಿಗಳ ನಡುವೆ ನಿಂತು ನನಗೆ ಫೋನು ಮಾಡಿದ್ದ.

ನನ್ನ ಕೆಲಸ ಏನೆಂದು ಕೇಳಿದರೆ ಹೇಳುವುದು ಸುಲಭ. ಸಿನಿಮಾದಲ್ಲಿ ನಾಯಕ ಗುಂಡು ಹಾರಿಸಬೇಕು, ಖಳನಾಯಕ ಸಾಯಬೇಕು, ಪ್ಯಾಕಪ್ ಆದ ಮೇಲೆ ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂತು ಊಟ ಮಾಡಬೇಕು. ಆ ಊಟ ನಡೆಯುವಂತೆ ನೋಡಿಕೊಳ್ಳುವವನು ನಾನು. ಮೊನ್ನೆ ಇಬ್ಬರು ಹುಡುಗರು ಮನೆಗೆ ಬಂದಿದ್ದರು. ಸೆಟ್ಟಿನಲ್ಲಿ ಆಯುಧಗಳ ಉಸ್ತುವಾರಿ ನೋಡಿಕೊಳ್ಳುವುದಕ್ಕೆ ಈಗ ತರಬೇತಿ ಇದೆಯಂತೆ, ಅದನ್ನು ಮುಗಿಸಿಕೊಂಡು ಬಂದವರು. ನಿಮ್ಮ ಅನುಭವದ ಸಾರ ಹೇಳಿ ಸರ್ ಎಂದು ಮೊಬೈಲನ್ನು ನನ್ನ ಮುಂದಿಟ್ಟರು. ನನಗೆ ಸಾರ ಹೇಳಲು ಬರುವುದಿಲ್ಲ, ಹುಳಿ ಹೇಳಲು ಬರುತ್ತದೆ. ಅವರು ಹೋದ ಮೇಲೆ ಹೇಳದೆ ಉಳಿದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆಚಾರ್ಯರ ಮನೆಯ ಹುಡುಗ ಬಂದೂಕಿಗೆ ಹೇಗೆ ಬಿದ್ದ ಎಂಬುದು ಎಲ್ಲರ ಮೊದಲ ಪ್ರಶ್ನೆ. ನಮ್ಮಪ್ಪ ಮಾನ್ವಿಯಲ್ಲಿ ಗುಡಿಯ ಪೂಜೆ ಮಾಡಿಕೊಂಡಿದ್ದವರು. ನನಗೆ ಮಂತ್ರ ತಲೆಗೆ ಹತ್ತಲಿಲ್ಲ, ಗಣಿತ ಅದಕ್ಕಿಂತಲೂ ಹತ್ತಲಿಲ್ಲ. ಐಟಿಐನಲ್ಲಿ ಫಿಟ್ಟರ್ ಮುಗಿಸಿ ರಾಯಚೂರಿನಲ್ಲಿ ಹತ್ತಿ ಮಿಲ್ಲಿನ ಕೆಲಸಕ್ಕೆ ಅಂತ ಹೋದವನು, ಮಿಲ್ಲಿನ ಗೇಟು ಮುಚ್ಚಿದ್ದರಿಂದ ಎದುರಿನ ಅಂಗಡಿಯ ನೆರಳಲ್ಲಿ ನಿಂತೆ. ಅದು ಬಂದೂಕು ರಿಪೇರಿ ಅಂಗಡಿ. ನಿಜಾಮರ ಕಾಲದಿಂದಲೂ ನಡೆದುಬಂದದ್ದು. ಒಳಗೆ ಕೂತಿದ್ದ ಮೆಹಬೂಬ್ ಸಾಬರಿಗೆ ಆವತ್ತು ಒಂದು ತಿರುಪು ಬಿಚ್ಚಲು ಆಗುತ್ತಿರಲಿಲ್ಲ. ನಾನು ಬಿಚ್ಚಿಕೊಟ್ಟೆ. ಚಹಾ ಕುಡಿಸಿದರು. ಅಲ್ಲಿಂದ ಅವರು ನನ್ನ ಉಸ್ತಾದರು, ನಾನು ಅವರ ಕೊನೆಯ ಉಸಿರಿನ ತನಕ ಅವರ ಕೆಲಸದವನು.

ಮನೆಯಲ್ಲಿ ಅವ್ವ ಇದನ್ನು ಒಪ್ಪಲು ಬಹಳ ಕಾಲ ಹಿಡಿಯಿತು. ಬಂದೂಕು ಮುಟ್ಟಿ ಬಂದವನೆಂದು ವಾರದ ಕೊನೆಗೆ ಮಾನ್ವಿಗೆ ಹೋದಾಗಲೆಲ್ಲ ಬಾಗಿಲಲ್ಲೇ ನೀರು ಹಾಕಿ ಒಳಗೆ ಬಿಟ್ಟುಕೊಳ್ಳುತ್ತಿದ್ದರು. ಅವ್ವನ ಮಡಿ ಅಂದರೆ ಅಂತಿಂಥ ಮಡಿ ಅಲ್ಲ. ಒಣಹಾಕಿದ ಸೀರೆಯ ಕೆಳಗೆ ಬೆಕ್ಕು ಹಾದುಹೋದರೂ ಸೀರೆ ಮತ್ತೆ ನೀರಿಗೆ. ಮಡಿ ಬಟ್ಟೆಯನ್ನು ಬೇರೆಯವರು ಮುಟ್ಟಿದರೋ ಇಲ್ಲವೋ ಎಂಬ ಅನುಮಾನ ಬಂದರೆ ಸಾಕು, ಮುಟ್ಟಿದರು ಎಂದೇ ಲೆಕ್ಕ. ಆ ಮಡಿ ನಮ್ಮ ಅಂಗಳದಿಂದ ಎಷ್ಟು ಜನರನ್ನು ದೂರ ನಿಲ್ಲಿಸಿತ್ತು ಎನ್ನುವುದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ಮನುಷ್ಯರ ವಿಷಯದಲ್ಲಿ ಅದು ಶುದ್ಧ ಅನ್ಯಾಯ. ಬಂದೂಕಿನ ವಿಷಯದಲ್ಲಿ ಮಾತ್ರ ಅಷ್ಟೇ ಕಟ್ಟುನಿಟ್ಟಿನ ಮಡಿ ಬೇಕು ಎಂದು ನನಗೆ ಕಲಿಸಿದವರು ಒಬ್ಬ ಸಾಬರು.

ಉಸ್ತಾದರ ಪದ್ಧತಿ ಹೀಗಿತ್ತು. ಬಂದೂಕು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವಾಗ ಮುರಿದು ಕೊಡಬೇಕು. ಮುರಿಯುವುದು ಅಂದರೆ ನಳಿಗೆಯನ್ನು ಹಿಡಿಯ ಹತ್ತಿರ ಬಗ್ಗಿಸಿ ತೆರೆಯುವುದು. ಆಗ ನಳಿಗೆ ಎರಡೂ ಕಡೆ ತೂತಿರುವ ಬರೀ ಕೊಳವೆಯಾಗುತ್ತದೆ. ಆ ತುದಿಯಿಂದ ಒಬ್ಬ ನೋಡಬೇಕು, ಈ ತುದಿಯಿಂದ ಇನ್ನೊಬ್ಬ ನೋಡಬೇಕು. ಒಬ್ಬರ ಮುಖ ಇನ್ನೊಬ್ಬರಿಗೆ ಕಾಣಬೇಕು. ಬರೀ ತಲೆ ಆಡಿಸಿದರೆ ಉಸ್ತಾದರು ಬಿಡುತ್ತಿರಲಿಲ್ಲ. “ಏನ್ ಕಾಣ್ತದ ಬೇಟಾ?” ಎಂದು ಕೇಳುತ್ತಿದ್ದರು. ನೀವು ಕಾಣ್ತೀರಿ ಎಂದರೆ, ನನ್ನದೇನು ಕಾಣ್ತದ ಎಂದು ಮರುಪ್ರಶ್ನೆ. ಎಲೆಅಡಿಕೆಯ ಕೆಂಪು ಹಲ್ಲು ಕಾಣ್ತದ, ಮೇಲಿನ ಸಾಲಿನಾಗ ಒಂದು ಇಲ್ಲ ಎಂದು ಹೇಳಿದ ಮೇಲೆಯೇ ಬಂದೂಕು ನನ್ನ ಕೈಗೆ ಬರುತ್ತಿತ್ತು. ಇದನ್ನು ಮೊದಲ ವಾರ ತಮಾಷೆ ಅಂದುಕೊಂಡಿದ್ದೆ. ಸಾಬರ ಹಲ್ಲಿನ ಮೇಲೆ ನನಗೆ ಎಂಥ ಪ್ರೀತಿ ಬರಬೇಕು ಎಂದು ಮನಸ್ಸಿನಲ್ಲೇ ನಗುತ್ತಿದ್ದೆ.

ಸಿನಿಮಾದವರು ನಮ್ಮ ಕಡೆಗೆ ಬರತೊಡಗಿದ್ದು ಬಂಡೆಗಳಿಗಾಗಿ. ದೇವದುರ್ಗದ ಕಡೆಗೆ ಹೋದರೆ ಡಕಾಯಿತರಿಗೆಂದೇ ಜೋಡಿಸಿಟ್ಟ ಹಾಗೆ ಬಂಡೆಗಳಿವೆ. ಬಿಸಿಲು ಪುಕ್ಕಟೆ. ಡಕಾಯಿತರು ಬಂದರೆ ಅವರ ಹಿಂದೆ ಬಂದೂಕು ಬರಲೇಬೇಕು. ಹಳೆಯ ಜೋಡುನಳಿಗೆ ಬಂದೂಕು, ಅದಕ್ಕೆ ಬ್ಲ್ಯಾಂಕ್ ಅನ್ನುವ ಗುಂಡಿಲ್ಲದ ತೋಟಾ, ಜೊತೆಗೆ ಒಬ್ಬ ತಿಳಿದವ, ಇಷ್ಟು ಬೇಕೆಂದು ಉಸ್ತಾದರ ಅಂಗಡಿಗೆ ಬರುತ್ತಿದ್ದರು. ಬ್ಲ್ಯಾಂಕಿನಲ್ಲಿ ಗುಂಡು ಇರುವುದಿಲ್ಲ, ಮದ್ದು ಇರುತ್ತದೆ. ಸದ್ದು, ಬೆಂಕಿ, ಹೊಗೆ ಎಲ್ಲ ಅಸಲಿ. ನಳಿಗೆಯಲ್ಲಿ ಬೇರೆ ಏನಾದರೂ ಸಿಕ್ಕಿಕೊಂಡಿದ್ದರೆ, ಅದು ಬಟ್ಟೆಯ ಚೂರಿರಲಿ, ಕಡ್ಡಿಯಿರಲಿ, ಮದ್ದು ಅದನ್ನೇ ಗುಂಡು ಮಾಡಿ ಎದುರಿನವನ ಎದೆಗೆ ಕಳಿಸುತ್ತದೆ. ಈ ಒಂದು ಮಾತನ್ನು ಮರೆಯಬೇಡಿ. ಮುಂದೆ ಬರುವ ಕತೆಗೆ ಬೇಕಾಗುತ್ತದೆ.

ತಿಳಿದವ ಅಂತ ಉಸ್ತಾದರು ಕಳಿಸಿದ್ದು ನನ್ನನ್ನು. ನನಗೆ ಬಂದೂಕು ಬಿಚ್ಚಲು, ತೊಳೆಯಲು, ಜೋಡಿಸಲು ಬರುತ್ತಿತ್ತು. ಅದು ಢಂ ಎನ್ನುವಾಗ ಎದುರಿಗೆ ನಿಲ್ಲಲು ಮಾತ್ರ ಬರುತ್ತಿರಲಿಲ್ಲ. ದೀಪಾವಳಿಯಲ್ಲಿ ಲಕ್ಷ್ಮೀ ಪಟಾಕಿಗೂ ಒಳಗೆ ಓಡುತ್ತಿದ್ದವನು ನಾನು. ಮೊದಲ ಸಿನಿಮಾದಲ್ಲಿ ನಾಯಕ ಬಂದೂಕು ಎತ್ತಿದ್ದೇ ತಡ, ನಾನು ಹಿಂದೆ ಹಿಂದೆ ಸರಿದು ಒಂದು ಎತ್ತಿನ ಮರೆಯಲ್ಲಿ ಕಿವಿಗೆ ಬೆರಳು ಹಾಕಿಕೊಂಡು ನಿಂತೆ. ಎತ್ತು ಕ್ಯಾಮೆರಾದ ಕಣ್ಣಿಗೆ ಬೀಳುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಪಿಕ್ಚರು ಬಿಡುಗಡೆಯಾದಾಗ ರಾಯಚೂರಿನ ಟಾಕೀಸಿನಲ್ಲಿ ಉಸ್ತಾದರ ಪಕ್ಕ ಕೂತು ನೋಡಿದೆ. ನಾಯಕ ಆವೇಶದಿಂದ ಗುಂಡು ಹಾರಿಸುತ್ತಿದ್ದಾನೆ, ಅವನ ಹೆಗಲ ಹಿಂದೆ ಗೋಪೀಚಂದನ ಹಚ್ಚಿಕೊಂಡ ಒಬ್ಬ ಕಣ್ಣು ಮುಚ್ಚಿ, ಕಿವಿ ಮುಚ್ಚಿ, ಎತ್ತಿನ ಹೊಟ್ಟೆಗೆ ಅಂಟಿಕೊಂಡಿದ್ದಾನೆ. ಇಡೀ ಸಿನಿಮಾದಲ್ಲಿ ಅಭಿನಯ ಅಂತ ಇದ್ದದ್ದು ಎತ್ತಿನದು ಮಾತ್ರ ಎಂದು ಉಸ್ತಾದರು ಹೇಳಿದರು.

ಮಾನ್ವಿಗೆ ಶೂಟಿಂಗಿಗೆ ಬಂದ ಯೂನಿಟ್ಟಿನದು ಇನ್ನೊಂದು ಕತೆ. ಆ ಯೂನಿಟ್ಟಿನಲ್ಲಿ ಬಂದೂಕುಗಳು ಎರಡು ಬಗೆ. ಅಸಲಿಯವು ನನ್ನ ಟ್ರಂಕಿನಲ್ಲಿ, ದೂರದಿಂದ ತೋರಿಸುವ ರಬ್ಬರಿನವು ಒಂದು ಗೋಣಿಚೀಲದಲ್ಲಿ. ಅಸಲಿಯವಕ್ಕೆ ನಾನು ಎಷ್ಟು ಮಡಿ ಎಂದರೆ ಊಟವನ್ನೂ ಟ್ರಂಕಿನ ಮೇಲೇ ಕೂತು ಮಾಡುತ್ತಿದ್ದೆ. ರಬ್ಬರಿನವನ್ನು ಯಾರು ಕೇಳುತ್ತಾರೆ ಎಂದು ಬಿಟ್ಟಿದ್ದೆ. ಮಧ್ಯಾಹ್ನ ಡಕಾಯಿತರ ವೇಷದ ನಾಲ್ಕೈದು ಜನ ಬಂದೂಕು ಹೆಗಲಿಗೇರಿಸಿಕೊಂಡೇ ಬಸ್ ಸ್ಟ್ಯಾಂಡಿಗೆ ಹೋಗಿ ಮಿರ್ಚಿಭಜಿ ತಿನ್ನುತ್ತ ನಿಂತರು. ಮಂದಿ ಹೆದರಿ ಓಡಿದರು. ಭಜಿ ಅಂಗಡಿಯವ ಒಲೆ ಆರಿಸದೆ ಪೊಲೀಸರಿಗೆ ಫೋನು ಮಾಡಿದ. ಸಾಹೇಬರು ನನ್ನನ್ನು ಕರೆಸಿ, ಇವು ಯಾರ ಉಸ್ತುವಾರಿ ಎಂದರು. ಇವು ಬಂದೂಕೇ ಅಲ್ಲ ಸಾಹೇಬ್ರೇ, ನೋಡ್ರಿ ಎಂದು ಒಂದನ್ನು ಬಗ್ಗಿಸಿ ತೋರಿಸಲು ಹೋದೆ. ಅದು ಒಳಗೆ ಕಬ್ಬಿಣದ ಸರಳು ಹಾಕಿದ ಜಾತಿಯದು, ಬಗ್ಗಲಿಲ್ಲ. ನಾನು ಮುಖ ಕೆಂಪಗೆ ಮಾಡಿಕೊಂಡು ಬಗ್ಗಿಸುತ್ತಲೇ ಇದ್ದೆ. ನಮ್ಮ ಓಣಿಯ ಅರ್ಧ ಜನ ಅಲ್ಲಿ ನೆರೆದು, ಪೂಜಾರಿ ಆಚಾರ್ರ ಮಗ ಡಕಾಯಿತರ ಜೊತೆ ಸಿಕ್ಕಿಬಿದ್ದಾನೆ ಎಂದು ಅವ್ವನಿಗೆ ಸುದ್ದಿ ಮುಟ್ಟಿಸಿದರು. ಅಂದಿನಿಂದ ನನಗೆ ಬುದ್ಧಿ ಬಂತು. ನೋಡಿದವನಿಗೆ ಅಸಲಿ ಅನ್ನಿಸುವುದೆಲ್ಲ ಅಸಲಿಯೇ. ರಬ್ಬರಿನದನ್ನೂ ಎಣಿಸಿ ಕೊಟ್ಟು, ಎಣಿಸಿ ಇಸಕೊಂಡ ಮೇಲೆಯೇ ಊಟಕ್ಕೆ ಬಿಡಬೇಕು.

ನಿರ್ದೇಶಕರಲ್ಲಿ ಎಲ್ಲ ತರದವರನ್ನೂ ಕಂಡೆ. ಒಬ್ಬರು ಬಂದೂಕು ಕಂಡರೆ ನನಗಿಂತ ಹೆದರುತ್ತಿದ್ದರು, ಅವರ ಜೊತೆ ಕೆಲಸ ಬಹಳ ಸುಖವಾಗಿತ್ತು. ಇನ್ನೊಬ್ಬರಿಗೆ ಪ್ರತಿಯೊಂದೂ ನೈಜವಾಗಿ ಬರಬೇಕು. ನೈಜ ಎಂಬ ಮಾತು ಕೇಳಿದರೆ ನಾನು ಮೊದಲು ಟ್ರಂಕಿನ ಬೀಗ ನೋಡಿಕೊಳ್ಳುತ್ತೇನೆ. ನಾಯಕರಲ್ಲಿ ಬಹಳ ಮಂದಿಗೆ ಬಂದೂಕು ಕೈಗೆ ಬಂದ ಕೂಡಲೇ ಅದನ್ನು ಚಹಾ ಕೊಡುವವನ ಕಡೆಗೆ ತಿರುಗಿಸಿ ತಮಾಷೆ ಮಾಡಬೇಕೆನ್ನಿಸುತ್ತದೆ. ಹಾಗೆ ಮಾಡಿದವರಿಂದ ಬಂದೂಕು ಇಸಕೊಂಡು ಟ್ರಂಕಿನಲ್ಲಿಟ್ಟು ಬೀಗ ಹಾಕಿ ಅದರ ಮೇಲೆ ಕೂತುಬಿಡುತ್ತಿದ್ದೆ. ಎಬ್ಬಿಸಲು ನಿರ್ಮಾಪಕರೇ ಬರಬೇಕಾಗುತ್ತಿತ್ತು. ಧೈರ್ಯದಿಂದ ಮಾಡುತ್ತಿದ್ದೆ ಎಂದುಕೊಳ್ಳಬೇಡಿ. ಎದ್ದು ನಿಂತರೆ ಕಾಲು ನಡುಗುವುದು ಎಲ್ಲರಿಗೂ ಕಾಣುತ್ತದಲ್ಲ, ಅದಕ್ಕೆ ಕೂರುತ್ತಿದ್ದೆ.

ಈಗ ಕಾಲ ಬೇರೆ. ನಾಯಕ ರಬ್ಬರಿನ ಬಂದೂಕು ಹಿಡಿದು ಕೈ ಜಾಡಿಸುತ್ತಾನೆ, ಬೆಂಕಿ, ಹೊಗೆ, ಸದ್ದು ಎಲ್ಲವನ್ನೂ ಆಮೇಲೆ ಕಂಪ್ಯೂಟರಿನಲ್ಲಿ ಹಚ್ಚುತ್ತಾರೆ. ಮೊದಲ ಸಲ ಅದನ್ನು ಕಂಡಾಗ, ಇಷ್ಟು ವರ್ಷ ಎತ್ತಿನ ಹಿಂದೆ ನಿಂತಿದ್ದು ವ್ಯರ್ಥವಾಯಿತಲ್ಲ ಅನ್ನಿಸಿತು. ಮರುಕ್ಷಣ ಸಂತೋಷವಾಯಿತು. ಹಳೆಯದೇ ಚೆನ್ನಾಗಿತ್ತು ಎಂದು ನಾನು ಸತ್ತರೂ ಹೇಳುವುದಿಲ್ಲ. ಆದರೂ ಆಗಾಗ ಯಾರಿಗೋ ಅಸಲಿ ಬೇಕೆನ್ನಿಸುತ್ತದೆ, ಅದಕ್ಕೇ ಆ ಹುಡುಗರಿಗೆ ಕೆಲಸ ಸಿಕ್ಕಿರುವುದು. ಅವರಿಗಾಗಿ ನನ್ನ ಹೆಸರಿನ ಕತೆಯನ್ನು ಹೇಳಲೇಬೇಕು.

ಮಸರಕಲ್ಲಿನ ಹತ್ತಿರ ಒಂದು ತೆಲುಗು ಯೂನಿಟ್ಟು ಬಿಡಾರ ಹೂಡಿತ್ತು. ನಿರ್ದೇಶಕರು ನೈಜದವರು. ನಾಯಕ ಡಕಾಯಿತನೊಬ್ಬನನ್ನು ಬಂಡೆಯ ಮೇಲೆ ಹತ್ತಿರದಿಂದ ಹೊಡೆಯಬೇಕು. ಆ ಡಕಾಯಿತನಾಗಿ ಆರಿಸಿದ್ದು ದುರುಗಪ್ಪನನ್ನು. ಅವನು ಮಸರಕಲ್ಲಿನವನೇ, ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಗುತ್ತಿಗೆ ಕೆಲಸ. ಅವನ ಮೀಸೆ ನೋಡಿ ನಿರ್ದೇಶಕರು ಮಾತೇ ಆಡದೆ ಒಪ್ಪಿಕೊಂಡಿದ್ದರು. ದುರುಗಪ್ಪ ರಜೆ ಹಾಕಿ ಬಂದು ಸಾಯುವುದನ್ನು ಅಭ್ಯಾಸ ಮಾಡುತ್ತಿದ್ದ. ಊಟದ ಪಂಕ್ತಿಯಲ್ಲಿ, ಜನರೇಟರಿನ ಪಕ್ಕದಲ್ಲಿ, ಎಲ್ಲಿ ಜಾಗ ಸಿಕ್ಕರೆ ಅಲ್ಲಿ ಎದೆ ಹಿಡಿದುಕೊಂಡು ಬೀಳುತ್ತಿದ್ದ. ಅವನ ತಾಯಿ ಹನುಮವ್ವನಿಗೆ ಮಾತ್ರ ಇದು ಸರಿಬಂದಿರಲಿಲ್ಲ. ಹೊಲದ ಕೆಲಸ ಮಾಡಿಕೊಂಡು ಒಬ್ಬನೇ ಮಗನನ್ನು ಬೆಳೆಸಿದ ಹೆಂಗಸು. ಮೊದಲ ದಿನವೇ ನನ್ನ ಟ್ರಂಕಿನ ಹತ್ತಿರ ಬಂದು, ಬಂದೂಕು ಖರೇ ಏನ್ರಿ ಎಂದು ಕೇಳಿದಳು. ಬಂದೂಕು ಖರೆ, ಗುಂಡು ಇರಂಗಿಲ್ಲವ್ವಾ ಎಂದೆ. ಬಂದೂಕು ಖರೆ ಅಂದ ಮೇಲೆ ಮುಂದಿನದು ಆಕೆಗೆ ಕೇಳಿಸಿದಂತೆ ಕಾಣಲಿಲ್ಲ. ಯಾವುದು ಎಂದಳು. ಹಿಡಿಯ ಮೇಲೆ ಹಿತ್ತಾಳೆ ಪಟ್ಟಿಯಿದ್ದ ಜೋಡುನಳಿಗೆಯನ್ನು ತೋರಿಸಿದೆ.

ಆ ಶಾಟು ಇದ್ದದ್ದು ಆಯುಧಪೂಜೆಯ ದಿನ. ಬೆಳಿಗ್ಗೆ ಪೂಜೆ, ಶಿರಾ ಪ್ರಸಾದ, ಮಧ್ಯಾಹ್ನದ ಮೇಲೆ ಆ ಒಂದೇ ಶಾಟು ಎಂದು ಗೊತ್ತು ಮಾಡಿದ್ದರು. ಪೂಜೆಗೆ ಹೇಳಿದ್ದ ಪುರೋಹಿತರು ಬರಲಿಲ್ಲ. ಮ್ಯಾನೇಜರ್ ನನ್ನ ಹಣೆ ನೋಡಿ, ಆಚಾರ್ರು ನೀವೇ ಇದ್ದೀರಲ್ಲ ಎಂದ. ಇಷ್ಟು ವರ್ಷಗಳಲ್ಲಿ ಸೆಟ್ಟಿನಲ್ಲಿ ನನಗೆ ಮರ್ಯಾದೆ ಸಿಕ್ಕಿದ್ದು ಅದೇ ಮೊದಲು. ಅಪ್ಪನಿಂದ ಕಲಿಯದೆ ಬಿಟ್ಟ ಮಂತ್ರಗಳ ತುಣುಕುಗಳನ್ನೆಲ್ಲ ಜೋಡಿಸಿ ಗಟ್ಟಿ ದನಿಯಲ್ಲಿ ಪೂಜೆ ಮಾಡಿದೆ. ಕ್ಯಾಮೆರಾ, ಲೈಟು, ಜನರೇಟರು, ಕೊನೆಗೆ ಮರದ ಸ್ಟ್ಯಾಂಡಿನಲ್ಲಿ ಬಾಯಿ ಮೇಲೆ ಮಾಡಿ ನಿಲ್ಲಿಸಿದ ಬಂದೂಕುಗಳು. ಕ್ಯಾಮೆರಾದ ಗಾಜಿಗೆ ಕುಂಕುಮ ತಾಗಬಾರದೆಂದು ಅದರ ಅಸಿಸ್ಟೆಂಟು ಮೊದಲೇ ಬಟ್ಟೆ ಮುಚ್ಚಿಕೊಂಡು ಕಾವಲು ನಿಂತಿದ್ದ. ಬಂದೂಕಿನ ಬಾಯಿಗೆ ಯಾರು ಕಾವಲು ನಿಲ್ಲಬೇಕಿತ್ತು? ನಾನು. ನಾನು ಮಂಗಳಾರತಿ ಮುಗಿಸಿ, ಎಲ್ಲರೂ ಕಾಲಿಗೆ ಬಿದ್ದ ಸಡಗರದಲ್ಲಿ, ಬಾಳೆಲೆಯ ಮುಂದೆ ಕೂತು ಶಿರಾ ತಿನ್ನುತ್ತಿದ್ದೆ. ದ್ರಾಕ್ಷಿ, ಗೋಡಂಬಿ ಬಹಳ ಹಾಕಿದ್ದರು. ಊರಿನ ಹೆಂಗಸರು ತಟ್ಟೆ ಹಿಡಿದು ಬಂದು ತಾವೂ ಅರಿಶಿನ ಕುಂಕುಮ ಏರಿಸಿ ಹೋಗುತ್ತಿದ್ದದ್ದು ಕಣ್ಣಿಗೆ ಬಿತ್ತು. ಚೆಂದ ಅನ್ನಿಸಿತು.

ಹೊತ್ತು ಇಳಿಯುವ ಮುಂಚೆ ಶಾಟಿಗೆ ಕರೆದರು. ಬಂದೂಕು ಅಷ್ಟರಲ್ಲಿ ನಾಯಕನ ಕೈಗೆ ಹೋಗಿ, ಫೋಟೋ ತೆಗೆಸಿಕೊಂಡು, ಯಾರ್ಯಾರದೋ ಕೈ ದಾಟಿ ಬಂದಿತ್ತು. ಅದನ್ನು ಇಸಕೊಂಡು ಮುರಿದೆ. ನಿರ್ದೇಶಕರು ಸೂರ್ಯನ ಕಡೆ ನೋಡಿ ತೆಲುಗಿನಲ್ಲಿ ಕೂಗಿದರು, ಬೆಳಿಗ್ಗೆ ನೋಡಿದ್ದೀರಲ್ಲ, ನೀವೇ ಪೂಜೆ ಮಾಡಿದ್ದೀರಲ್ಲ, ಇನ್ನೇನು ನೋಡುವುದು ಎಂದು. ನಾಳೆ ಈ ಬೆಳಕು ನೀವು ತಂದುಕೊಡುತ್ತೀರಾ ಎಂದೂ ಕೇಳಿದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ನನ್ನ ಬಾಯಿಂದ ಬಂದದ್ದು ಅವ್ವನ ಮಾತು.

“ಮುಟ್ಟ್ಯಾರ್ರಿ. ಮತ್ತ ಮಡಿ ಆಗಬೇಕು.”

ಸೆಟ್ಟಿಗೆ ಸೆಟ್ಟೇ ನಕ್ಕಿತು. ಆಚಾರ್ರಿಗೆ ಪೂಜೆ ತಲೆಗೇರಿದೆ ಎಂದು ಮ್ಯಾನೇಜರ್ ಅಂದ. ನಾನು ದುರುಗಪ್ಪನನ್ನು ಕರೆದೆ. ಯಾರ ಕಡೆಗೆ ಬಂದೂಕು ತಿರುಗುತ್ತದೋ ಅವನೇ ಬಾಯಿಯ ಕಡೆಯಿಂದ ನೋಡಬೇಕು ಎಂಬುದು ಉಸ್ತಾದರ ಪದ್ಧತಿಗೆ ಸಿನಿಮಾಕ್ಕೆಂದು ನಾನು ಸೇರಿಸಿದ್ದು. ಅವನು ಒಂದು ಕಣ್ಣು ಮುಚ್ಚಿ ನಳಿಗೆಗೆ ಮುಖ ಹಚ್ಚಿದ. ನಾನು ಈಚೆ ತುದಿಯಲ್ಲಿ ಹಲ್ಲು ಕಿಸಿದು ನಿಂತೆ.

“ಏನ್ ಕಾಣ್ತದ ದುರುಗಪ್ಪ?”

“ಬಲಗಡಿದ್ರಾಗ ನಿಮ್ ಹಲ್ಲು ಕಾಣ್ತಾವ್ರಿ. ಎಡಗಡಿದ್ರಾಗ ಏನೂ ಕಾಣವಲ್ದು. ಬರೇ ಕತ್ತಲ ಅದ.”

ಮುಚ್ಚಿದ ಕಣ್ಣಿಂದ ನೋಡಿದರೆ ಕತ್ತಲೆಯೇ ಕಾಣುತ್ತದಪ್ಪಾ, ತೆರೆದಿದ್ದರಿಂದ ನೋಡು ಎಂದು ನಾನೂ ಜಾಣನಂತೆ ನಗಿಸಿದೆ. ಮತ್ತೊಂದು ನಗೆ ಎದ್ದಿತು. ಆಮೇಲೆ ನಾನೇ ಬಗ್ಗಿ ನೋಡಿದೆ. ಅವನು ಹೇಳಿದ ನಳಿಗೆಯಲ್ಲಿ ಆಕಾಶ ಇರಲಿಲ್ಲ.

ನನ್ನ ಟವೆಲ್ಲನ್ನು ನೆಲಕ್ಕೆ ಹಾಸಿ ಗಜ ತೂರಿಸಿದೆ. ಗಜ ಅಂದರೆ ನಳಿಗೆ ತೊಳೆಯುವ ಉದ್ದನೆಯ ಕೋಲು. ಮೊದಲು ತಡೆಯಿತು, ಜೋರಿನಿಂದ ಒತ್ತಿದೆ. ಟವೆಲ್ಲಿನ ಮೇಲೆ ಬಿದ್ದದ್ದು ಕಪ್ಪಾದ ಬಾಳೆಹಣ್ಣಿನ ಗಟ್ಟಿ ತುಂಡು, ಅದಕ್ಕೆ ಚುಚ್ಚಿದ್ದ ಊದಿನಕಡ್ಡಿಯ ಮುರಿದ ಬಿದಿರು, ಸ್ವಲ್ಪ ಬೂದಿ. ದೇವರ ಮುಂದೆ ಹಣ್ಣಿಗೆ ಊದಿನಕಡ್ಡಿ ಚುಚ್ಚಿ ನಿಲ್ಲಿಸುವುದಿಲ್ಲವೇ, ಹಾಗೆ ಯಾರೋ ಬಂದೂಕಿನ ಬಾಯಿಗೇ ಹಣ್ಣು ಒತ್ತಿ ಕಡ್ಡಿ ಹಚ್ಚಿದ್ದರು. ಫೋಟೋಕ್ಕೆ ಎತ್ತಿದವರು ಹೊರಗಿನ ತುದಿಯನ್ನು ಕಿತ್ತೊಗೆದಿದ್ದರು, ಒಳಗಿನದು ಒಳಗೇ ಉಳಿದಿತ್ತು. ನಾಯಕ ಇದ್ದಲ್ಲೇ ಕುಸಿದು ಕೂತ. ದುರುಗಪ್ಪ ತನ್ನ ಎದೆ ಮುಟ್ಟಿ ನೋಡಿಕೊಂಡ.

ನಿರ್ದೇಶಕರು ಬಿಳಿಚಿಕೊಂಡಿದ್ದರು. ಮ್ಯಾನೇಜರ್ ಮೈಕು ಕಿತ್ತುಕೊಂಡು ಕನ್ನಡದಲ್ಲಿ, ಬಂದೂಕಿಗೆ ಊದಿನಕಡ್ಡಿ ಹಚ್ಚಿದವರು ಯಾರು, ಮುಂದೆ ಬರ್ರಿ ಎಂದು ಕೂಗಿದ. ಹಗ್ಗದ ಆಚೆ ಊರಿನವರೆಲ್ಲ ನಿಂತಿದ್ದರು. ಅಷ್ಟು ದೂರದಿಂದ ಟವೆಲ್ಲಿನ ಮೇಲಿನದು ಕಾಣುವಂತಿರಲಿಲ್ಲ. ಅವರಿಗೆ ಕೇಳಿಸಿದ್ದು ಮೈಕಿನ ಮಾತು ಮಾತ್ರ. ನಾನು ತಲೆ ಎತ್ತಿದಾಗ ಒಬ್ಬಾಕೆ ಸೆರಗು ಸರಿಮಾಡಿಕೊಂಡು, ಕೈಯಲ್ಲಿ ಪೂಜೆಯ ತಟ್ಟೆ ಹಿಡಿದು, ಹಗ್ಗ ಎತ್ತಿ ಒಳಗೆ ಬರುತ್ತಿದ್ದಳು. ಹನುಮವ್ವ. ಆಕೆಯ ಮುಖದಲ್ಲಿ ಭಯ ಇರಲಿಲ್ಲ. ಒಳ್ಳೆಯ ಕೆಲಸ ಮಾಡಿದವರನ್ನು ಕರೆಯುತ್ತಿದ್ದಾರೆ ಎಂಬ ನಾಚಿಕೆಯ ನಗೆ ಇತ್ತು.

ಮಗನ ಎದೆಗೆ ತಿರುಗುವ ಬಂದೂಕು ಯಾವುದೆಂದು ನಾನೇ ಆಕೆಗೆ ತೋರಿಸಿದ್ದೆ. ನನ್ನ ಮಗನ್ನ ಕಾಯಿ ಎಂದು ಅದರ ಬಾಯಿಗೇ ಬೇಡಿಕೊಂಡಿದ್ದಳು. ಆಕೆ ಇನ್ನು ನಾಲ್ಕು ಹೆಜ್ಜೆ ಬಂದಿದ್ದರೆ, ಆ ಬೇಡಿಕೆ ಏನು ಮಾಡಲಿತ್ತು ಎಂಬುದನ್ನು ಮ್ಯಾನೇಜರ್ ಮೈಕಿನಲ್ಲೇ ಹೇಳುತ್ತಿದ್ದ. ಅದನ್ನು ಕೇಳಿದ ತಾಯಿ ಆಮೇಲೆ ಹೇಗೆ ಬದುಕಬೇಕು? ನಾನು ಜೀವಮಾನದಲ್ಲಿ ಅಷ್ಟು ಜೋರಾಗಿ ಕೂಗಿದ್ದಿಲ್ಲ.

“ನಾನ ಹಚ್ಚೀನ್ರಿ. ಪೂಜಾ ಮಾಡೋ ಮುಂದ ನಾನ ಹಚ್ಚೀನಿ.”

ಹನುಮವ್ವ ನಿಂತಳು. ನನ್ನನ್ನೇ ನೋಡಿದಳು. ತಟ್ಟೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಗ್ಗದ ಆಚೆಗೆ ಹೋದಳು.

ಆಮೇಲೆ ನನಗೆ ಆದ ಮಂಗಳಾರತಿ ಬೆಳಗಿನದಕ್ಕಿಂತ ದೊಡ್ಡದು. ಬಂದೂಕು ಕಾಯಬೇಕಾದವನೇ ಬಾಯಿಗೆ ಹಣ್ಣು ತುರುಕಿದ್ದಾನೆ ಎಂದು ತೆಲುಗು, ಕನ್ನಡ, ಇಂಗ್ಲಿಷು ಮೂರರಲ್ಲೂ ಬೈದರು. ಅರ್ಧ ಸುಳ್ಳಿನ ಬೈಗುಳ, ಅರ್ಧ ನಿಜದ್ದು. ಹಚ್ಚಿದವನು ನಾನಲ್ಲ, ಆದರೆ ಬಂದೂಕು ನನ್ನ ಉಸ್ತುವಾರಿ. ಹೆಂಗಸರು ತಟ್ಟೆ ಹಿಡಿದು ಬಂದಾಗ ನಾನು ಎದ್ದು ಹೋಗಬೇಕಿತ್ತು, ಇನ್ನೊಂದು ಸೌಟು ಹಾಕಿಸಿಕೊಂಡಿದ್ದೆ. ಬಂದೂಕನ್ನು ತೊಳೆದು, ಒಣಗಿಸಿ, ಮತ್ತೆ ದುರುಗಪ್ಪನಿಗೆ ತೋರಿಸಿದೆ. ಈ ಸಲ ಎರಡೂ ನಳಿಗೆಯಲ್ಲಿ ನನ್ನ ಹಲ್ಲು ಕಂಡವು. ನೈಜದ ನಿರ್ದೇಶಕರು ತಾವಾಗಿಯೇ, ಬಂದೂಕು ಎದೆಯ ಕಡೆ ಬೇಡ, ಪಕ್ಕಕ್ಕೆ ಇರಲಿ ಎಂದರು. ದುರುಗಪ್ಪ ಬಹಳ ಚೆಂದ ಸತ್ತ. ಸಂಜೆ ಮ್ಯಾನೇಜರ್ ನನ್ನನ್ನು ಕರೆದು ನಾಳೆಯಿಂದ ಬರಬೇಡಿ ಎಂದ. ನಾನು ರಾಯಚೂರು ಮುಟ್ಟುವಷ್ಟರಲ್ಲಿ ಆ ಹೆಸರು ನನಗಿಂತ ಮೊದಲೇ ಮುಟ್ಟಿತ್ತು. ಉಸ್ತಾದರಿಗೆ ಮಾತ್ರ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಅವರು ಕೈಯಲ್ಲಿದ್ದ ನಳಿಗೆಯನ್ನು ಒರೆಸಿ ಕೆಳಗಿಟ್ಟು, ಹೆಸರು ಇರಲಿ ಬೇಟಾ, ಹೊರಬಹುದು ಎಂದರು.

ಹೊತ್ತೆ. ಆಮೇಲೆ ಎಲ್ಲಿ ಹೋದರೂ ಆಚಾರ್ರೇ ಕಡ್ಡಿ ತಂದೀರಾ ಎಂದು ಕೇಳುವವರು ಇದ್ದರು. ಲೈಟಿನ ಹುಡುಗರು ನನ್ನ ಟ್ರಂಕಿನ ಮೇಲೆ ಊದಿನಕಡ್ಡಿ ಪ್ಯಾಕೆಟ್ಟು ಇಟ್ಟು ಹೋಗುತ್ತಿದ್ದರು. ನಾನು ಅದನ್ನು ಮನೆಗೆ ತರುತ್ತಿದ್ದೆ, ಅಂಗಡಿಯಲ್ಲಿ ಕೊಂಡದ್ದೇ ನೆನಪಿಲ್ಲ. ಹೋದ ವರ್ಷ ಹನುಮವ್ವ ತೀರಿಕೊಂಡಳು. ಮನೆಯವರನ್ನು ಮಾತಾಡಿಸಲು ಹೋದಾಗ ದುರುಗಪ್ಪನನ್ನು ಪಕ್ಕಕ್ಕೆ ಕರೆದು ಎಲ್ಲ ಹೇಳಿದೆ. ಅವನು ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಅತ್ತ. ಬರೀರಿ ಆಚಾರ್ರಿ, ಈಗ ಬರದ್ರ ಅಡ್ಡಿ ಇಲ್ಲ ಎಂದ. ಅದಕ್ಕೇ ಬರೆದೆ.

ಹಿಂದೆ, ಮಸರಕಲ್ಲಿನ ಆ ಪಿಕ್ಚರು ದೇವದುರ್ಗದ ಟಾಕೀಸಿಗೆ ಬಂದಾಗ ನಾನೂ ಹೋಗಿದ್ದೆ. ಮಸರಕಲ್ಲಿನಿಂದ ಟ್ರ್ಯಾಕ್ಟರ್ ತುಂಬ ಜನ ಬಂದಿದ್ದರು. ಮಗ ಸಾಯುವುದನ್ನು ನೋಡಲಾರೆ ಎಂದು ಹನುಮವ್ವ ಹಟ ಹಿಡಿದಿದ್ದಳಂತೆ, ಸೊಸೆ ಎಳೆದುಕೊಂಡು ಬಂದಿದ್ದಳು. ದುರುಗಪ್ಪ ಬಂಡೆಯ ಮೇಲೆ ಮೀಸೆ ತಿರುವುತ್ತ ಬಂದ. ಟಾಕೀಸಿನಲ್ಲಿ ಸಿಳ್ಳೆ ಎದ್ದಿತು. ಮುಂದಿನ ಕ್ಷಣ ನಾಯಕಿ ಹಾಡು ಹೇಳುತ್ತಿದ್ದಳು. ಸಾಯುವ ಶಾಟನ್ನು ಕತ್ತರಿಸಿಬಿಟ್ಟಿದ್ದರು. ದುರುಗಪ್ಪ ಸಿನಿಮಾದಲ್ಲಿ ಸಾಯಲೇ ಇಲ್ಲ.

ಹೊರಗೆ ಬಂದು ಅವನು ಗೋಡೆಗೆ ಒರಗಿ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದ. ಹನುಮವ್ವ ನನ್ನನ್ನು ಕಂಡು ಸೀದಾ ಬಂದಳು. ಕಣ್ಣು ಒದ್ದೆಯಾಗಿದ್ದವು, ಮುಖ ಅರಳಿತ್ತು. ನನ್ನ ಕೈ ಹಿಡಿದುಕೊಂಡು ಯಾರಿಗೂ ಕೇಳದಂತೆ ತಗ್ಗಿದ ದನಿಯಲ್ಲಿ ಹೇಳಿದಳು.

“ಆವತ್ತು ಆ ಊದಿನಕಡ್ಡಿ ಹಚ್ಚಿದಾಕಿ ನಾನ್ರಿ ಆಚಾರ್ರಿ. ಎಲ್ಲಾರ ಮುಂದ ನೀವು ನಾನ ಹಚ್ಚೀನಿ ಅಂದ್ರಿ. ಭಾಳ ಸಿಟ್ಟ ಬಂದಿತ್ತು ನನಗ. ಇರ್ಲಿ ಬಿಡ್ರಿ. ದೇವ್ರಿಗೆ ಗೊತ್ತದ ಯಾರ್ ಹಚ್ಚ್ಯಾರ ಅಂತ. ನನ್ನ ಮಗ ಉಳದಾನ, ಸಾಕು.”

ತಪ್ಪಾತವ್ವಾ ಎಂದೆ. ಆಕೆ ನನ್ನನ್ನು ಕ್ಷಮಿಸಿ, ಮಗನನ್ನು ಕರೆದುಕೊಂಡು ಟ್ರ್ಯಾಕ್ಟರ್ ಹತ್ತಿದಳು.